ನೂರು ಮಿಲಿಮೀಟರಿನ ಗೆರೆ

ಊದಿದ ಕೀಲನ್ನು ಎಷ್ಟು ಜೋರಾಗಿ ಒತ್ತಿ ನೋಡಬೇಕು ಎಂಬುದಕ್ಕೆ ಸಂಧಿವಾತದ ವೈದ್ಯರಲ್ಲಿ ಒಂದು ಸರಳ ಅಳತೆಯಿದೆ. ಹೆಬ್ಬೆರಳು ತೋರುಬೆರಳ ನಡುವೆ ರೋಗಿಯ ಕೀಲನ್ನು ಹಿಡಿದು ಒತ್ತುತ್ತಾ ಹೋಗಬೇಕು. ಒತ್ತುವವರ ಉಗುರಿನ ಕೆಳಗಿನ ಕೆಂಪು ಹೋಗಿ ಬಿಳಿಚಿಕೊಂಡ ಕೂಡಲೇ ನಿಲ್ಲಿಸಬೇಕು. ಅಷ್ಟಕ್ಕೆ ನೋವಾಯಿತೆಂದರೆ ಒಂದು, ಇಲ್ಲವೆಂದರೆ ಸೊನ್ನೆ. ಮೊದಲ ಸಲ ಇದನ್ನು ಕೇಳಿದಾಗ ನನಗೆ ತಮಾಷೆಯೆನಿಸಿತ್ತು. ಇನ್ನೊಬ್ಬರ ನೋವನ್ನು ತಿಳಿಯಲು ನಮ್ಮದೇ ಉಗುರನ್ನು ನೋಡಿಕೊಳ್ಳಬೇಕು! ಆಮೇಲೆ ಗಮನಿಸಿದೆ, ಅನುಭವಸ್ಥ ವೈದ್ಯರು ಉಗುರನ್ನು ನೋಡುವುದೇ ಇಲ್ಲ. ಒತ್ತಡದ ಅಂದಾಜು ಅವರ ಕೈಗೆ ಬಂದುಬಿಟ್ಟಿರುತ್ತದೆ. ಅವರು ನೋಡುವುದು ರೋಗಿಯ ಹುಬ್ಬನ್ನು.

ನಾನು ವೈದ್ಯಳಲ್ಲ. ತತ್ವಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿವಿನ ಮೂಲವಾಗುವುದು ಹೇಗೆ ಎಂಬುದು ನನ್ನ ವಿಷಯ. ನಮ್ಮ ನೈಯಾಯಿಕರು ಶಬ್ದಪ್ರಮಾಣ ಎಂದು ಕರೆದದ್ದು. ಮೂರು ವರ್ಷ ಪುಸ್ತಕಗಳ ನಡುವೆಯೇ ಇದ್ದು ಎರಡು ಅಧ್ಯಾಯ ಬರೆದುಕೊಂಡು ಹೋದಾಗ ನನ್ನ ಗೈಡ್, 'ಎಲ್ಲಾ ಸರಿ, ಇದರಲ್ಲಿ ಮಾತಾಡೋ ಮನುಷ್ಯರೇ ಇಲ್ಲವಲ್ಲಮ್ಮ' ಎಂದರು. ಹಾಗಾಗಿ ಪರಿಚಯದ ವೈದ್ಯೆಯೊಬ್ಬರನ್ನು ಕೇಳಿಕೊಂಡು, ಆಸ್ಪತ್ರೆಯ ಎಥಿಕ್ಸ್ ಕಮಿಟಿಯ ಅನುಮತಿ ಪಡೆದು, ಸುಮಾರು ಒಂದು ವರ್ಷ ವಾರಕ್ಕೊಂದು ದಿನ ಅವರ ಓಪಿಡಿಯಲ್ಲಿ ಕುಳಿತೆ. ಸುಮ್ಮನೆ ಕೂರಲು ಅಲ್ಲಿ ಜಾಗವಿರಲಿಲ್ಲ. ಓದುಬರಹ ಬಾರದ ರೋಗಿಗಳಿಗೆ ಪ್ರಶ್ನೆಗಳನ್ನು ಓದಿ ಹೇಳಿ, ಫಾರಂ ತುಂಬಿಸುವ ಕೆಲಸ ನನಗೆ ಬಂತು. ಆ ಕೆಲಸದಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಬರೆಯದೆ ನನ್ನ ಮೂರನೆಯ ಅಧ್ಯಾಯ ಮುಂದೆ ಹೋಗುತ್ತಿಲ್ಲ.

ಸಂಧಿವಾತ ಎಂದರೆ ನಮಗೆ ತಟ್ಟನೆ ನೆನಪಾಗುವುದು ವಯಸ್ಸಾದವರ ಮಂಡಿನೋವು. ರುಮಟಾಯ್ಡ್ ಆರ್ಥ್ರೈಟಿಸ್ ಬೇರೆ. ಅಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಒಳಪದರದ ಮೇಲೆ ಎರಗುತ್ತದೆ. ನಡುವಯಸ್ಸಿನಲ್ಲೇ, ಕೆಲವೊಮ್ಮೆ ಅದಕ್ಕೂ ಮೊದಲೇ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. 1800ರಲ್ಲಿ ಪ್ಯಾರಿಸ್ಸಿನ ಲಾಂದ್ರೆ-ಬೋವೆ ಎಂಬ ವೈದ್ಯ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಬಡ ಹೆಂಗಸರ ಕೀಲುಗಳನ್ನು ನೋಡಿ, ಇದು ಎಲ್ಲರೂ ಬಲ್ಲ ಗೌಟ್‌ನಂತಲ್ಲ, ಬೇರೆಯೇ ಬಗೆಯದು ಎಂದು ತನ್ನ ಡಾಕ್ಟರೇಟ್ ಪ್ರಬಂಧ ಬರೆದ. ಗೌಟ್ ಎಂದರೆ ಚೆನ್ನಾಗಿ ಉಂಡು ಕುಡಿಯುವ ಶ್ರೀಮಂತ ಗಂಡಸರ ಕಾಯಿಲೆ ಎಂದು ಹೆಸರಾಗಿದ್ದ ಕಾಲ ಅದು. ಬಡ ಹೆಂಗಸರ ಗಂಟುನೋವಿಗೆ ಪ್ರತ್ಯೇಕ ಹೆಸರು ಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. (ಆಗ ಆತನಿಗೆ ಇಪ್ಪತ್ತೆಂಟರ ಆಸುಪಾಸು. ನನಗೂ ಹೆಚ್ಚುಕಡಿಮೆ ಅಷ್ಟೇ. ಈ ಹೋಲಿಕೆಯನ್ನು ಇಲ್ಲಿಗೇ ಬಿಡುವುದು ನನಗೆ ಒಳ್ಳೆಯದು.) ಇಂದಿನ ಹೆಸರು ಬಂದದ್ದು 1859ರಲ್ಲಿ, ಇಂಗ್ಲೆಂಡಿನ ಗ್ಯಾರಡ್ ಎಂಬ ವೈದ್ಯನಿಂದ.

ಹೊಸದಾಗಿ ಕಾಯಿಲೆ ಬಂದವರ ಕೈಗೂ ಇಪ್ಪತ್ತು ವರ್ಷ ಅದನ್ನು ಹೊತ್ತವರ ಕೈಗೂ ಬಹಳ ಅಂತರವಿದೆ. ಹೊಸಬರ ಕೈ ಕೆಂಪಗೆ ಊದಿಕೊಂಡು ಬಿಸಿಯಾಗಿರುತ್ತದೆ, ನೋಡಿದರೇ ಗೊತ್ತಾಗುತ್ತದೆ. ಹಳಬರ ಕೈಯಲ್ಲಿ ಎಷ್ಟೋ ಸಲ ಬಾವೇ ಇರುವುದಿಲ್ಲ. ಆದರೆ ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿರುತ್ತವೆ. ಹೆಬ್ಬೆರಳು ಅಂಕುಡೊಂಕಾಗಿರುತ್ತದೆ. ಎಲುಬುಗಳ ನಡುವಿನ ಮಾಂಸ ಕರಗಿ ಅಂಗೈ ಹಿಂಭಾಗದಲ್ಲಿ ಸಾಲು ಬಿದ್ದಂತಿರುತ್ತದೆ. ಬೆರಳು ಬಾಗುವ ಬಗೆಗಳಿಗೆ ವೈದ್ಯರು ಇಟ್ಟ ಹೆಸರುಗಳು ಚೆಂದ: ಒಂದು ಹಂಸದ ಕೊರಳು, ಇನ್ನೊಂದು ಅಂಗಿಯ ಕಾಜಾ. ರವಿಕೆಯ ಹುಕ್ಕು ಹಾಕಿಕೊಳ್ಳಲಾಗದ ಬೆರಳಿಗೆ ಕಾಜಾ ಎಂದು ಹೆಸರಿಟ್ಟವನಿಗೆ ಆ ವ್ಯಂಗ್ಯ ಹೊಳೆದಿತ್ತೋ ಇಲ್ಲವೋ. ಕೈಗಳ ಬಲ ಕುಂದಿದೆ ಎಂದರೆ ಕಾರಣ ಬೆರಳಲ್ಲೇ ಇರಬೇಕೆಂದಿಲ್ಲ. ಕತ್ತಿನ ಮೊದಲೆರಡು ಎಲುಬುಗಳನ್ನು ಹಿಡಿದಿಡುವ ನಾರು ಸಡಿಲವಾಗಿ, ಎಲುಬು ಜಾರಿ, ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಹಳೆಯ ರೋಗಿಗಳಿಗೆ ಅರಿವಳಿಕೆ ಕೊಡುವ ಮೊದಲು ಕತ್ತಿನ ಬಗ್ಗೆ ಎಚ್ಚರ ವಹಿಸುವುದು ಇದಕ್ಕೇ.

ಹೀಗಾಗಿ ಹಳೆಯ ರೋಗಿಯನ್ನು ಪರೀಕ್ಷಿಸುವಾಗ ಎರಡು ಪ್ರಶ್ನೆಗಳಿರುತ್ತವೆ. ಬೆಂಕಿ ಇನ್ನೂ ಉರಿಯುತ್ತಿದೆಯೇ? ಇಲ್ಲಿಯವರೆಗೆ ಎಷ್ಟು ಸುಟ್ಟಿದೆ? ಮಾತ್ರೆ ಬೆಂಕಿಯನ್ನು ಆರಿಸಬಹುದು, ಸುಟ್ಟದ್ದನ್ನು ಮರಳಿ ಕೊಡಲಾರದು. ವೈದ್ಯರು ಬಹುಮಟ್ಟಿಗೆ ಅಳೆಯುವುದು ಮೊದಲನೆಯದನ್ನು. ಅದರಲ್ಲಿ ತಪ್ಪೇನಿಲ್ಲ, ಅವರ ಕೈಯಲ್ಲಿರುವ ಔಷಧಿ ಅದಕ್ಕೆ ಮಾತ್ರ.

ಅಳೆಯುವ ಬಗೆ ಡಾಸ್-28. ಇದರ ಮೂಲರೂಪ 1990ರ ಸುಮಾರಿಗೆ ನೆದರ್‌ಲ್ಯಾಂಡ್ಸಿನ ನೈಮೇಖನ್ ನಗರದಲ್ಲಿ ಸಿದ್ಧವಾಯಿತು. 28 ಕೀಲುಗಳ ಈ ರೂಪ 1995ರದು. ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಕೈಬೆರಳುಗಳ ಇಪ್ಪತ್ತು ಕೀಲು, ಎರಡು ಮಂಡಿ. ಇವುಗಳಲ್ಲಿ ಒತ್ತಿದರೆ ನೋಯುವವು ಎಷ್ಟು, ಬಾವಿರುವವು ಎಷ್ಟು ಎಂದು ಎಣಿಸುತ್ತಾರೆ. ರಕ್ತದ ಇ.ಎಸ್.ಆರ್. ಸೇರಿಸುತ್ತಾರೆ. ನಾಲ್ಕನೆಯದಾಗಿ, ನೂರು ಮಿಲಿಮೀಟರು ಉದ್ದದ ಒಂದು ಗೆರೆಯ ಮೇಲೆ ರೋಗಿಯೇ ಒಂದು ಗುರುತು ಹಾಕಬೇಕು: ಎಡತುದಿ ಎಂದರೆ ಬಹಳ ಚೆನ್ನಾಗಿದ್ದೇನೆ, ಬಲತುದಿ ಎಂದರೆ ಇದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ. ನೋಯುವ ಕೀಲುಗಳ ಸಂಖ್ಯೆಯ ವರ್ಗಮೂಲವನ್ನು 0.56ರಿಂದ, ಬಾವಿರುವ ಕೀಲುಗಳ ಸಂಖ್ಯೆಯ ವರ್ಗಮೂಲವನ್ನು 0.28ರಿಂದ, ಇ.ಎಸ್.ಆರ್.ನ ಲಾಗರಿದಮ್ಮನ್ನು 0.70ರಿಂದ, ಗೆರೆಯ ಮೇಲಿನ ಗುರುತನ್ನು 0.014ರಿಂದ ಗುಣಿಸಿ ಎಲ್ಲವನ್ನೂ ಕೂಡಿಸುತ್ತಾರೆ. ಮೊತ್ತ 5.1 ದಾಟಿದರೆ ಕಾಯಿಲೆ ಜೋರಾಗಿದೆ. 3.2 ಅಥವಾ ಅದಕ್ಕಿಂತ ಕಡಿಮೆಯಾದರೆ ಹತೋಟಿಯಲ್ಲಿದೆ. 2.6ಕ್ಕಿಂತ ಕೆಳಗಿಳಿದರೆ ಶಮನವಾಗಿದೆ.

ಗಣಿತವೆಂದರೆ ಓಡುವ ನನಗೆ ಈ ಸೂತ್ರ ಮಾತ್ರ ತುಂಬಾ ಹಿಡಿಸಿತು. ಬಾವು ವೈದ್ಯರ ಬೆರಳಿಗೆ ಸಿಗುವಂಥದು, ಪ್ರತ್ಯಕ್ಷ ಪ್ರಮಾಣ. ನೋವು ರೋಗಿ ಹೇಳಿದರೆ ಮಾತ್ರ ತಿಳಿಯುವಂಥದು. ಈ ಸೂತ್ರ ನೋವಿಗೆ ಬಾವಿನ ಎರಡರಷ್ಟು ತೂಕ ಕೊಟ್ಟಿದೆ. ಹಾಗೆ ಕೊಡಬೇಕೆಂದು ಯಾವ ತತ್ವಜ್ಞಾನಿಯೂ ವಾದಿಸಲಿಲ್ಲ. ವೈದ್ಯರು ದಿನನಿತ್ಯ ಯಾವಾಗ ಔಷಧಿ ಬದಲಿಸುತ್ತಾರೆ, ಯಾವಾಗ ಹಾಗೇ ಬಿಡುತ್ತಾರೆ ಎಂಬುದನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕಿದಾಗ ಈ ತೂಕಗಳು ತಾವಾಗಿ ಹೊರಬಂದವು. ಅಂದರೆ ಬಾವನ್ನೇ ನಂಬುತ್ತೇವೆ ಎಂದುಕೊಂಡಿದ್ದ ವೈದ್ಯರೂ ಒಳಗೊಳಗೇ 'ಅಮ್ಮಾ' ಎಂಬ ಉದ್ಗಾರಕ್ಕೆ ಹೆಚ್ಚು ಕಿವಿಗೊಡುತ್ತಿದ್ದರು. ಇದನ್ನು ನನ್ನ ಗೈಡ್‌ಗೆ ಹೇಳಿ ಖುಷಿಪಟ್ಟಿದ್ದೆ.

ಖುಷಿ ಕಡಿಮೆಯಾದದ್ದು ಗೆರೆಯ ಹತ್ತಿರ. ಎಷ್ಟೋ ಜನ ನೂರರ ತುದಿಯನ್ನು ಒಳ್ಳೆಯದೆಂದು ತಿಳಿಯುತ್ತಿದ್ದರು. ನೂರಕ್ಕೆ ನೂರು ಬರಲಿ ಎಂದು ಹರಸುವ ಊರಿನಲ್ಲಿ ನೂರು ಕೆಟ್ಟದ್ದು ಹೇಗಾದೀತು? ಒಬ್ಬ ಹುಡುಗ ತನ್ನ ತಾಯಿಯ ಪರವಾಗಿ, 'ಐವತ್ತು ಹಾಕಿ ಮೇಡಂ, ಪಾಸಾಗಿದೆ' ಎಂದಿದ್ದ. ನಾನು ಎರಡೂ ತುದಿಗೆ ಮುಖದ ಚಿತ್ರ ಬರೆದೆ, ಒಂದು ನಗುವ ಮುಖ, ಒಂದು ಅಳುವ ಮುಖ. ಸ್ವಲ್ಪ ಸುಧಾರಿಸಿತು.

ಆ ಅಮ್ಮ ಮದ್ದೂರಿನ ಕಡೆಯವರು. ಅರವತ್ತರ ಹತ್ತಿರದ ವಯಸ್ಸು, ಕಾಯಿಲೆಗೆ ಇಪ್ಪತ್ತೆರಡು ವರ್ಷ. ಸೊಸೆಯ ಜೊತೆ ಬಂದಿದ್ದರು. ಕೂತವರೇ ಯಾರೂ ಹೇಳದಿದ್ದರೂ ಎರಡೂ ಕೈಯನ್ನು ಮೇಜಿನ ಮೇಲೆ ಚಾಚಿದರು. ವೈದ್ಯೆ ಒಂದೊಂದೇ ಕೀಲನ್ನು ಒತ್ತುತ್ತಾ ಬಂದರು. ಬಲ ಮಣಿಕಟ್ಟಿನಲ್ಲಿ ಹುಬ್ಬು ಗಂಟಿಕ್ಕಿತು, ಅಲ್ಲೇ ತುಸು ಬಾವು. ಉಳಿದ ಕಡೆ ಏನಿಲ್ಲ. ಒಂದು, ಒಂದು. ಇ.ಎಸ್.ಆರ್. 20, ಆ ವಯಸ್ಸಿಗೆ ಏನೂ ಹೆಚ್ಚಲ್ಲ. ಇನ್ನು ನನ್ನ ಸರದಿ.

'ಗಂಟುನೋವಿನಿಂದ ನಿಮಗೆ ಏನೇನು ತೊಂದರೆ ಆಗುತ್ತೋ ಅದನ್ನೆಲ್ಲ ಲೆಕ್ಕಕ್ಕೆ ತಗೊಂಡು ಹೇಳಿ ಅಮ್ಮ, ಈ ಒಂದು ವಾರ ಹೇಗಿದ್ದೀರಿ?'

'ಪರ್ವಾಗಿಲ್ಲ ಕಣವ್ವ.'

'ಈ ಗೆರೆ ಮೇಲೆ ಒಂದು ಗುರುತು ಹಾಕಬೇಕು. ಈ ಕಡೆ ಅಂದ್ರೆ ಏನೂ ತೊಂದರೆ ಇಲ್ಲ. ಆ ಕಡೆ ಅಂದ್ರೆ ತಡ್ಕೊಳ್ಳೋಕೇ ಆಗಲ್ಲ.'

ಅವರು ಗೆರೆಯನ್ನು ನೋಡಿದರು, ಮುಖಗಳನ್ನು ನೋಡಿದರು, ನನ್ನನ್ನು ನೋಡಿದರು. 'ಇದೆಲ್ಲ ನಂಗೇನ್ ಗೊತ್ತಾಯ್ತದವ್ವ. ಓದಿರೋಳು ನೀನು, ನೀನೇ ಒಂದ್ ಕಡೆ ಹಾಕ್ಬುಡು.'

ಹೊರಗೆ ಟೋಕನ್ ಹಿಡಿದವರ ಸಾಲಿತ್ತು. ಪೆನ್ನು ನನ್ನ ಕೈಯಲ್ಲೇ ಇತ್ತು. 'ಪರವಾಗಿಲ್ಲ' ಎಂದರೆ ಹತ್ತು ಇರಬಹುದು ಎಂದುಕೊಂಡು ಹತ್ತರ ಹತ್ತಿರ ಹಾಕಿದೆ. ಮೊತ್ತ 3.08 ಬಂತು. 'ಕಂಟ್ರೋಲಲ್ಲಿದೆ, ಅದೇ ಮಾತ್ರೆ ಮುಂದುವರಿಸಿ' ಎಂದು ಬರೆದ ವೈದ್ಯೆ ಮೂರು ತಿಂಗಳು ಬಿಟ್ಟು ಬರಲು ಹೇಳಿದರು. ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್, ಫೋಲಿಕ್ ಆಸಿಡ್, ಇನ್ನೊಂದು. ಗುರುತನ್ನು ನಾನು ಐವತ್ತರಲ್ಲಿ ಹಾಕಿದ್ದರೆ ಮೊತ್ತ 3.64 ಆಗುತ್ತಿತ್ತು. ಅಂದರೆ ಹತೋಟಿಯ ಗೆರೆಯ ಆಚೆ.

ಮಧ್ಯಾಹ್ನ ಊಟಕ್ಕೆ ಹೊರಟಾಗ ಅತ್ತೆ ಸೊಸೆ ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತಿದ್ದರು. ಸೊಸೆಯ ಕೈಯಲ್ಲಿ ಟೀ ಇತ್ತು. ಅತ್ತೆಯ ಚಪ್ಪಲಿ ಕೆಳಗೆ ಬಿದ್ದಿತ್ತು. ಅದರ ಪಟ್ಟಿಯನ್ನು ಬ್ಲೇಡಿನಿಂದ ಕುಯ್ದು ಅಗಲ ಮಾಡಿದ್ದರು. ಕಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು, ಪಾದದ ಮುಂಭಾಗ ಊದಿತ್ತು. ಆಗ ನೆನಪಾಯಿತು, ಆ 28ರಲ್ಲಿ ಪಾದದ ಕೀಲು ಒಂದೂ ಇಲ್ಲ. ಪಾದದ ಬಾವನ್ನು ನಿಖರವಾಗಿ ಗುರುತಿಸುವುದು ಕಷ್ಟ, ಅದಿಲ್ಲದೆಯೂ ಲೆಕ್ಕ ಹೆಚ್ಚುಕಡಿಮೆ ಸರಿಬರುತ್ತದೆ ಎಂದು ಕೈಬಿಟ್ಟದ್ದು. ಸಾವಿರ ಜನರ ಸರಾಸರಿಗೆ ಅದು ಸರಿಯೇ.

'ಅಮ್ಮನಿಗೆ ಟೀ ಬೇಡ್ವಾ?' ಎಂದೆ. ಸೊಸೆ ಹೇಳಿದಳು: 'ಆಸ್ಪತ್ರೆಗೆ ಬರೋ ದಿನ ಅತ್ತೆ ಒಂದ್ ತೊಟ್ಟು ನೀರೂ ಮುಟ್ಟಾಕಿಲ್ಲ ಮೇಡಂ. ಹಿಂದ್ಲ ರಾತ್ರಿಯಿಂದ್ಲೇ ಬಿಟ್ಬುಡ್ತಾರೆ. ಬಸ್‌ಸ್ಟ್ಯಾಂಡಲ್ಲಿ, ಇಲ್ಲಿ, ಎಲ್ಲಾ ಕುಕ್ಕರಗಾಲಲ್ಲಿ ಕೂರೋವೇ. ಕುಂತ್ರೆ ಏಳಕಾಗಾಕಿಲ್ವಲ್ಲ.'

ಬೆಳಿಗ್ಗೆಯಷ್ಟೇ ಇದೇ ಪ್ರಶ್ನೆಯನ್ನು ನಾನು ಕೇಳಿದ್ದೆ. ದೈನಂದಿನ ಕೆಲಸಗಳನ್ನು ಮಾಡಿಕೊಳ್ಳಲು ಎಷ್ಟು ಕಷ್ಟ ಎಂದು ಅಳೆಯುವ ಹ್ಯಾಕ್ ಎಂಬ ಪ್ರಶ್ನಾವಳಿ 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ತಯಾರಾದದ್ದು. ಅದನ್ನು ದೆಹಲಿಯ ವೈದ್ಯರು ನಮ್ಮ ಬದುಕಿಗೆ ಒಗ್ಗಿಸಿ 2002ರಲ್ಲಿ 12 ಪ್ರಶ್ನೆಗಳ ಭಾರತೀಯ ರೂಪವೊಂದನ್ನು ಪ್ರಕಟಿಸಿದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಶೌಚಕ್ಕೆ ಕುಕ್ಕರುಗಾಲಿನಲ್ಲಿ ಕೂರುವುದು ಅದರಲ್ಲಿದೆ. ಒಳ್ಳೆಯ ಕೆಲಸ. ನಾನು ಓದಿದ್ದೆ, ಅಮ್ಮ 'ಏನ್ ತೊಂದ್ರೆ ಇಲ್ಲ' ಎಂದಿದ್ದರು, ನಾನು ಸೊನ್ನೆ ಬರೆದುಕೊಂಡಿದ್ದೆ. ಅವರು ಸುಳ್ಳು ಹೇಳಿರಲಿಲ್ಲ. ಮನೆಯಲ್ಲಿ ನಡುವೆ ತೂತು ಕೊರೆಸಿದ ಪ್ಲಾಸ್ಟಿಕ್ ಕುರ್ಚಿ ಇತ್ತು. ಹೊರಗೆ ಹೋದರೆ ನೀರು ಕುಡಿಯದೆ ಇರುವ ಅಭ್ಯಾಸವಿತ್ತು. ಕೂರುವ ಪ್ರಸಂಗವೇ ಬರದಂತೆ ಬದುಕನ್ನು ಹೊಂದಿಸಿಕೊಂಡವರಿಗೆ ಕೂರುವುದರಲ್ಲಿ ಏನು ತೊಂದರೆ? ಮೂಲ ಹ್ಯಾಕ್‌ನಲ್ಲಿ ಇದಕ್ಕೊಂದು ಉಪಾಯವಿದೆ. ಸಲಕರಣೆಯನ್ನೋ ಇನ್ನೊಬ್ಬರ ನೆರವನ್ನೋ ಬಳಸಿ ಮಾಡುವ ಕೆಲಸವನ್ನು ಬಹಳ ಕಷ್ಟದ್ದು ಎಂದೇ ಲೆಕ್ಕ ಹಿಡಿಯಬೇಕು. ಆದರೆ ತುಂಬಿದ ಮನೆಯಲ್ಲಿ ನೆರವನ್ನು ಯಾರು ನೆರವೆಂದು ಎಣಿಸುತ್ತಾರೆ? ಸೊಸೆ ತಲೆ ಬಾಚುವುದು, ಮೊಮ್ಮಗಳು ಸೀರೆಯ ನೆರಿಗೆ ಹಿಡಿಯುವುದು ಮನೆಯ ನಡವಳಿಕೆ. ಕೇಳಿದರೆ, 'ಅಯ್ಯೋ, ಅದಕ್ಕೇನ್ ಕಷ್ಟ' ಎಂದೇ ಉತ್ತರ.

ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ರೋಗಿ 'ಚೆನ್ನಾಗಿದ್ದೀನಿ' ಎಂದಾಗ ಅದನ್ನು ನಂಬುವುದು ಗೌರವವೋ, ಉಪೇಕ್ಷೆಯೋ?

ಇತ್ತೀಚಿನ ತತ್ವಶಾಸ್ತ್ರದಲ್ಲಿ ನಂಬುವುದರ ಪರವಾಗಿ ಬಲವಾದ ದನಿಯಿದೆ. ಮಿರಾಂಡಾ ಫ್ರಿಕರ್ 2007ರ ತಮ್ಮ ಪುಸ್ತಕದಲ್ಲಿ, ಹೆಂಗಸರು, ಬಡವರು, ಕರಿಯರು ಎಂಬ ಕಾರಣಕ್ಕೆ ಅವರ ಮಾತಿಗೆ ಕಡಿಮೆ ಬೆಲೆ ಕೊಡುವುದು ಅವರನ್ನು 'ತಿಳಿದವರು' ಎಂಬ ಸ್ಥಾನದಿಂದಲೇ ಕೆಳಗಿಳಿಸುವ ಅನ್ಯಾಯ ಎಂದು ವಾದಿಸಿದರು. ಹಾವಿ ಕ್ಯಾರೆಲ್ ಮತ್ತು ಇಯಾನ್ ಕಿಡ್ 2014ರಲ್ಲಿ ಈ ಮಾತನ್ನು ಆಸ್ಪತ್ರೆಗೆ ತಂದರು. ನೋವಿನ ವಿಷಯದಲ್ಲಿ ಇದು ಇನ್ನೂ ನಿಜ. ರಕ್ತಪರೀಕ್ಷೆ ಸರಿಯಿದೆ ಎಂದು ಹೆಂಗಸರ ನೋವನ್ನು ತಳ್ಳಿಹಾಕಿದ ಕಥೆ ಎಷ್ಟು ಮನೆಗಳಲ್ಲಿಲ್ಲ! ಆದರೆ ಈ ವಾದವೆಲ್ಲ ನೋವಿದೆ ಎಂದು ಹೇಳುವವರ ಕುರಿತದ್ದು. ನೋವಿಲ್ಲ ಎಂದು ಹೇಳುವವರ ಬಗ್ಗೆ ಅದು ಹೆಚ್ಚೇನೂ ಹೇಳುವುದಿಲ್ಲ.

ಅಲ್ಲಿ ನೆರವಿಗೆ ಬರುವವರು ಅಮರ್ತ್ಯ ಸೇನ್. ಅವರು ತಮ್ಮ ಬರಹದಲ್ಲಿ ಎತ್ತಿಹೇಳುವ ಒಂದು ಸಮೀಕ್ಷೆಯಿದೆ. ಬಂಗಾಳದ ಬರಗಾಲದ ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಹತ್ತಿರದ ಸಿಂಗೂರಿನಲ್ಲಿ ನಡೆದದ್ದು. ಆರೋಗ್ಯ ಸರಿಯಿಲ್ಲ ಎಂದು ಹೇಳಿಕೊಂಡವರು ವಿಧುರರಲ್ಲಿ 48.5ರಷ್ಟು ಮಂದಿ. ವಿಧವೆಯರಲ್ಲಿ 2.5ರಷ್ಟು ಮಾತ್ರ. ಆ ಕಾಲದ ಬಂಗಾಳದ ವಿಧವೆಯರ ಊಟ, ಬದುಕು ಹೇಗಿತ್ತೆಂದು ಬಲ್ಲವರು ಯಾರೂ ಅವರು ಗಂಡಸರಿಗಿಂತ ಆರೋಗ್ಯವಾಗಿದ್ದರು ಎನ್ನಲಾರರು. ದೂರುವ ಹಕ್ಕು ತನಗಿದೆ ಎಂದು ಅನ್ನಿಸದವರು ದೂರುವುದಿಲ್ಲ. ಈ ಅಂಕಿಗಳನ್ನು ಓದಿದಾಗಲೆಲ್ಲ ನನಗೆ ಮದ್ದೂರಿನ ಅಮ್ಮನ 'ಪರ್ವಾಗಿಲ್ಲ ಕಣವ್ವ' ಕೇಳಿಸುತ್ತದೆ.

ಹಾಗೆಂದು ಅವರ ಮಾತನ್ನು ಪಕ್ಕಕ್ಕಿಟ್ಟು, 'ನಿಮಗೆ ಗೊತ್ತಿಲ್ಲ, ನಿಮಗೆ ನೋವಿದೆ' ಎನ್ನಲು ನಾನ್ಯಾರು? ಅದಕ್ಕೂ ಪುರಾವೆಯಿದೆ. 1999ರಲ್ಲಿ ಆಲ್ಬ್ರೆಕ್ಟ್ ಮತ್ತು ಡೆವ್ಲೀಗರ್ ಎಂಬ ಸಂಶೋಧಕರು, ತೀವ್ರ ಅಂಗವೈಕಲ್ಯವಿರುವ ಅನೇಕರು ತಮ್ಮ ಬದುಕು ಒಳ್ಳೆಯದಿದೆ, ಬಹಳ ಒಳ್ಳೆಯದಿದೆ ಎಂದು ಹೇಳುವುದನ್ನು ದಾಖಲಿಸಿದರು. ಹೊರಗಿನಿಂದ ನೋಡುವವರಿಗೆ ಅದು ನಂಬಲಾಗದ ಮಾತು. ಅವರು ಮೋಸಹೋದವರಲ್ಲ, ಬದುಕಿಗೆ ಹೊಸ ತೂಕ, ಹೊಸ ಅಳತೆ ಕಂಡುಕೊಂಡವರು. ಇಪ್ಪತ್ತೆರಡು ವರ್ಷ ಒಂದು ಕಾಯಿಲೆಯ ಜೊತೆ ಸಂಸಾರ ಮಾಡಿದವರು ಹಾಗೆ ಏನನ್ನೂ ಗಳಿಸಿಲ್ಲ, ಬರೀ ಸೋತಿದ್ದಾರೆ ಎಂದುಕೊಳ್ಳುವುದೂ ಒಂದು ಬಗೆಯ ಅಹಂಕಾರ. ಒಂದೇ ವಾಕ್ಯ, 'ನಾನು ಚೆನ್ನಾಗಿದ್ದೇನೆ'. ಅದು ಸಿಂಗೂರಿನ ವಿಧವೆಯ ಮೌನವೂ ಆಗಿರಬಹುದು, ಈ ಜನರ ಗೆಲುವೂ ಆಗಿರಬಹುದು. ಕಾಗದದ ಮೇಲೆ ಎರಡೂ ಹತ್ತು ಮಿಲಿಮೀಟರೇ.

ಆಗ ನಾನು ಮರಳಿ ಹೋದದ್ದು ನ್ಯಾಯದವರ ಬಳಿಗೆ. ಅವರ ಪ್ರಕಾರ ಆಪ್ತನ ಮಾತು ಪ್ರಮಾಣ. ಆಪ್ತ ಎಂದರೆ ವಿಷಯವನ್ನು ತಾನೇ ಬಲ್ಲವನು, ಬಲ್ಲಂತೆಯೇ ಅದನ್ನು ತಿಳಿಸಬೇಕೆಂಬ ಇಚ್ಛೆಯುಳ್ಳವನು. ಭಾಷ್ಯಕಾರ ವಾತ್ಸ್ಯಾಯನ ಇನ್ನೂ ಮುಂದೆ ಹೋಗಿ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವಾಗಿ ಅನ್ವಯಿಸುತ್ತದೆ ಎನ್ನುತ್ತಾನೆ. ನನ್ನ ಎರಡನೆಯ ಅಧ್ಯಾಯದಲ್ಲಿ ಇದನ್ನು ದೊಡ್ಡ ಮಾತಾಗಿ ಬರೆದಿದ್ದೆ. ಆದರೆ ಲಕ್ಷಣದ ಎರಡನೆಯ ಭಾಗವನ್ನು, ತಿಳಿಸುವ ಇಚ್ಛೆಯನ್ನು, ಹೇಳುವವರಿಗೆ ಬಿಟ್ಟ ವಿಷಯವೆಂದು ದಾಟಿ ಹೋಗಿದ್ದೆ. ಮದ್ದೂರಿನ ಅಮ್ಮ ತಮ್ಮ ನೋವನ್ನು ಬಲ್ಲವರು. ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಅವರಲ್ಲಿ ತಿಳಿಸುವ ಇಚ್ಛೆ ಹುಟ್ಟುವಂತೆ ನಾನೇನು ಮಾಡಿದ್ದೆ? 'ಹೇಗಿದ್ದೀರಿ' ಎಂದೆ. ನಮ್ಮಲ್ಲಿ ಅದು ಪ್ರಶ್ನೆಯೇ ಅಲ್ಲ, ನಮಸ್ಕಾರದ ಇನ್ನೊಂದು ರೂಪ. ಅವರೂ ನಮಸ್ಕಾರಕ್ಕೆ ತಕ್ಕ ಮರ್ಯಾದೆಯ ಉತ್ತರ ಕೊಟ್ಟರು. ಆ ಮರ್ಯಾದೆಯನ್ನು ನಾನು ಮಿಲಿಮೀಟರಿಗೆ ಇಳಿಸಿದೆ. ಪಕ್ಕದಲ್ಲಿ ಸೊಸೆ ಇದ್ದಳು, ಎದುರಿಗೆ ಡಾಕ್ಟರು, ಹಿಂದೆ ಸಾಲು. ಅಂಥಲ್ಲಿ ಯಾವ ಅತ್ತೆ ತಾನೇ ಶೌಚದ ಕಷ್ಟ ಹೇಳಿಕೊಂಡಾಳು?

ಅಳತೆಯ ಲೋಕದಲ್ಲೂ ಈ ಜಗ್ಗಾಟ ನಡೆದೇ ಇದೆ. ಅಮೆರಿಕ ಮತ್ತು ಯುರೋಪಿನ ಸಂಧಿವಾತ ಸಂಘಗಳು ಸೇರಿ 2011ರಲ್ಲಿ ಶಮನದ ಕಠಿಣ ವ್ಯಾಖ್ಯೆಯೊಂದನ್ನು ತಂದಾಗ, ಹತ್ತರ ಅಳತೆಯಲ್ಲಿ ರೋಗಿಯ ಸ್ವಂತ ಗುರುತು ಒಂದನ್ನು ಮೀರಬಾರದು ಎಂದಿದ್ದವು. ಬಾವು ಪೂರ್ತಿ ಇಳಿದ ಎಷ್ಟೋ ಜನ ಹಳೆಯ ಹಾನಿಯಿಂದಲೋ ದಣಿವಿನಿಂದಲೋ ಈ ಒಂದು ಗೆರೆಯಲ್ಲಿ ನಪಾಸಾಗುತ್ತಿದ್ದರು. 2022ರಲ್ಲಿ ಅದನ್ನು ಎರಡಕ್ಕೆ ಏರಿಸಲಾಯಿತು. ರೋಗಿಯ ಗುರುತನ್ನು ಈ ಲೆಕ್ಕದಿಂದ ಹೊರಗಿಟ್ಟು ಪ್ರತ್ಯೇಕವಾಗಿ ನೋಡಬೇಕು ಎನ್ನುವವರೂ ಇದ್ದಾರೆ. ಅವರ ಭಯ ನನ್ನದಕ್ಕೆ ತದ್ವಿರುದ್ಧ: ಬೆಂಕಿ ಆರಿದ ಮೇಲೂ ರೋಗಿ ನೋವೆಂದರೆ ವೈದ್ಯರು ಬೇಡದ ಔಷಧಿ ಏರಿಸಿಯಾರು ಎಂದು. ಆ ಭಯ ಸುಳ್ಳಲ್ಲ, ಈ ಮಾತ್ರೆಗಳು ಯಕೃತ್ತಿಗೂ ರಕ್ತಕ್ಕೂ ಸುಲಭದವಲ್ಲ. ಆದರೂ ನೋವಿನ ಮಾತನ್ನು ಬೇರೆ ಕಾಗದಕ್ಕೆ ವರ್ಗಾಯಿಸಿದರೆ, ಸಾಲು ಉದ್ದವಿರುವ ದಿನ ಆ ಕಾಗದವನ್ನು ತಿರುವಿ ನೋಡುವವರು ಯಾರು ಎಂಬುದು ನನ್ನ ಅನುಮಾನ.

ನನ್ನ ಗುರುತಿನ ವಿಷಯವನ್ನು ನಾನು ವೈದ್ಯೆಗೆ ಆ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ನಾಳೆ ಹೇಳೋಣ, ಮುಂದಿನ ವಾರ ಹೇಳೋಣ ಎಂದುಕೊಂಡೆ. ಹೇಳಿದರೆ ಬರಬೇಡ ಎಂದಾರು ಎಂಬ ಹೆದರಿಕೆಯೂ ಇತ್ತು. ಮೂರು ತಿಂಗಳ ನಂತರ ಆ ಅಮ್ಮ ಬಂದಾಗ ಎರಡೂ ಮಣಿಕಟ್ಟು ಊದಿದ್ದವು, ಬೆರಳಿನ ಬುಡದಲ್ಲೂ ಬಾವಿತ್ತು. ಅದಕ್ಕೆ ನನ್ನ ಗುರುತೇ ಕಾರಣ ಎನ್ನಲಾರೆ, ಈ ಕಾಯಿಲೆ ಹಾಗೆ ತಾನಾಗಿಯೂ ಕೆರಳುತ್ತದೆ. ಕಾರಣವಲ್ಲ ಎಂದೂ ಹೇಳಲಾರೆ. ಅವರನ್ನು ಹೊರಗೆ ಕೂರಿಸಿ ವೈದ್ಯೆಗೆ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಳೆಯ ಫಾರಂ ತೆಗೆದು ಆ ಅಂಕಿಯ ಪಕ್ಕ 'ರೋಗಿ ಹಾಕಿದ್ದಲ್ಲ' ಎಂದು ಬರೆದು ಸಹಿ ಮಾಡಿದರು. 'ಸಾಮಾನ್ಯವಾಗಿ ನಾನು ಬರೀ ನಂಬರ್ ನೋಡಿ ತೀರ್ಮಾನ ಮಾಡಲ್ಲ' ಎಂದರು. ಆಮೇಲೆ, 'ಅವತ್ತು ಮಾಡಿದೆ' ಎಂದರು.

ಅಮ್ಮನನ್ನು ಒಳಗೆ ಕರೆದು, ಸೊಸೆಯನ್ನು ಔಷಧಿ ತರಲು ಕಳಿಸಿ, ವೈದ್ಯೆ ಕೀಲು ಮುಟ್ಟುವ ಮೊದಲೇ ಒಂದು ಪ್ರಶ್ನೆ ಕೇಳಿದರು. 'ಅಮ್ಮ, ಈ ಕಾಯಿಲೆ ಬಂದ ಮೇಲೆ ಏನೇನು ಬಿಟ್ಟಿದ್ದೀರಿ?'

ಅವರು ಯೋಚಿಸಿದರು. ನಾನು ಅವರನ್ನು ಯೋಚಿಸುವಂತೆ ಮಾಡಿರಲೇ ಇಲ್ಲ ಎಂದು ಆಗ ಹೊಳೆಯಿತು.

'ಹಿಟ್ಟು ತೊಳ್ಸೋದು ಬುಟ್ಟೆ. ಅದು ಒಳ್ಳೇದೇ ಆಯ್ತು ಬುಡಿ, ಮೂವತ್ತೊರ್ಸ ತೊಳ್ಸಿದ್ದೆ ಆ ಮನೇಗೆ' ಎಂದು ನಕ್ಕರು. ರಾಗಿ ಮುದ್ದೆಯ ಕೋಲು ಕೈಬಿಟ್ಟದ್ದನ್ನು ನಾನಾಗಿದ್ದರೆ ನಷ್ಟದ ಪಟ್ಟಿಗೆ ಮೊದಲು ಸೇರಿಸುತ್ತಿದ್ದೆ. ಆಮೇಲೆ ತವರಿಗೆ ಹೋಗುವುದು ಬಿಟ್ಟದ್ದನ್ನು ಹೇಳಿದರು. ಬಸ್ಸಿನ ಮೆಟ್ಟಿಲು ಎತ್ತರ, ಅಲ್ಲಿ ಶೌಚಕ್ಕೂ ತೊಂದರೆ. ಅಣ್ಣ ತೀರಿಕೊಂಡಾಗ ಹೋಗಿದ್ದೇ ಕೊನೆ. ಮೊಮ್ಮಗಳಿಗೆ ಜಡೆ ಹಾಕುವುದು ಬಿಟ್ಟದ್ದನ್ನು ಹೇಳುವಾಗ ದನಿ ಸಣ್ಣದಾಯಿತು. 'ಈಗ ಅವಳೇ ನಂಗ್ ಬಾಚ್ತಾಳೆ' ಎಂದರು. ನೀರಿನ ವಿಷಯ ಅವರಾಗಿ ಹೇಳಲಿಲ್ಲ. ನಾನು ಕೇಳಿದೆ. 'ಅದೇನ್ ದೊಡ್ ವಿಸ್ಯ ಅಂತ ಹೇಳ್ಳಿ' ಎಂದರು. ವೈದ್ಯೆ ಆಸ್ಪತ್ರೆಯಲ್ಲಿ ಕಮೋಡ್ ಇರುವ ಶೌಚಾಲಯ ಎಲ್ಲಿದೆ ಎಂದು ಆಯಾಗೆ ಹೇಳಿ ತೋರಿಸಲು ಕಳಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಅದನ್ನು ಅವರಿಗೆ ಯಾರೂ ತೋರಿಸಿರಲಿಲ್ಲ.

ಈ ಮಾತುಕತೆಗೆ ಏಳೆಂಟು ನಿಮಿಷ ಹಿಡಿಯಿತು. ಹೊರಗಿನಿಂದ ಯಾರೋ ಎರಡು ಸಲ ಬಾಗಿಲು ಬಡಿದರು. ಇಷ್ಟು ಸಮಯವನ್ನು ಎಲ್ಲರಿಗೂ ಕೊಡಲಾಗದು ಎಂದು ವೈದ್ಯೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಂದು ಆ ಸಮಯವನ್ನು ಯಾರ ಪಾಲಿನಿಂದ ತೆಗೆದೆವೋ ಅವರ ಮುಖ ನಾನು ನೋಡಲಿಲ್ಲ.

ಕೊನೆಗೆ ಗೆರೆ. ಈ ಸಲ ಪೆನ್ನನ್ನು ಅವರ ಕೈಗೇ ಕೊಟ್ಟೆ. ಬೆರಳಲ್ಲಿ ಹಿಡಿಯಲಾಗಲಿಲ್ಲ, ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಬಗ್ಗಿದರು. ಪೆನ್ನು ಮೂವತ್ತರ ಹತ್ತಿರ ಕಾಗದ ಮುಟ್ಟಿ, ಉದ್ದಕ್ಕೂ ಎಳೆದುಕೊಂಡು ಹೋಗಿ ಎಂಬತ್ತರ ಬಳಿ ನಿಂತಿತು. ಜಾರಿತೇನೋ ಎಂದುಕೊಂಡು ಇನ್ನೊಂದು ಹಾಳೆ ತೆಗೆದೆ.

'ಜಾರ್‌ಲಿಲ್ಲ ಕಣವ್ವ' ಎಂದರು. 'ಬೆಳಿಗ್ಗೆ ಏಳೋವಾಗ ಅಲ್ಲಿ, ಅಳೋ ಮೊಕದ್ ತಾವ. ಬಿಸ್ಲು ಏರ್ತಾ ಏರ್ತಾ ಇಲ್ಲಿಗ್ ಬತ್ತದೆ.'

ಫಾರಂನಲ್ಲಿ ಅಂಕಿ ಬರೆಯಲು ಒಂದೇ ಚೌಕವಿತ್ತು. ಯಾವ ತುದಿಯಿಂದ ಅಳೆಯಲಿ ಎಂದು ವೈದ್ಯೆಯನ್ನು ಕೇಳಿದೆ. ಅವರು ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ನೋಡಿದರು. 'ಅವರನ್ನೇ ಕೇಳಿ' ಎಂದರು.